ನಂದಿ ಎಷ್ಟು ನಿಮಿಷ ಅನ್ನೋದು ಬಿಡಿ, ರಾತ್ರಿ ಎಲ್ಲಿ ಮಲಗ್ತೀರಿ ಹೇಳಿ

ನಂದಿ ಬೆಟ್ಟವನ್ನು ಎಷ್ಟು ನಿಮಿಷದಲ್ಲಿ ಹತ್ತುವಂತಾದರೆ ಒಬ್ಬನೇ ಮನಾಲಿಯಿಂದ ಲೇಹ್‌ಗೆ ಸೈಕಲ್ ತುಳಿಯಬಹುದು, 9 ದಿನ ರಜೆ ಸಾಕಾ, ಹೊಸ ಗ್ರಾವೆಲ್ ಬೈಕ್ (ಕಚ್ಚಾ ರಸ್ತೆಗೂ ಆಗುವ ಸೈಕಲ್) ತಗೋಬೇಕಾ ಅಂತ ಕೇಳಿದ್ದೀರಿ. ಈ ಮೂರು ಪ್ರಶ್ನೆಗಳನ್ನೂ ನಾನು ಕೇಳಿಕೊಂಡವನೇ. ಮೊದಲನೆಯದಕ್ಕೆ ನಾನೇ ಕಂಡುಕೊಂಡ ಉತ್ತರ ನನ್ನನ್ನು ಆ ದಾರಿಯ ಮಧ್ಯದ ಸರ್ಚುವಿನಿಂದ ಲಾರಿಯಲ್ಲಿ ವಾಪಸ್ ಕಳಿಸಿತು.

ಆಗ ರಾಜಾಜಿನಗರದಲ್ಲಿದ್ದೆ. ವಾರದ ಕೊನೆಗೆ ಬೆಳಗಿನ ಜಾವ ಎದ್ದು ಹೆಬ್ಬಾಳ, ದೇವನಹಳ್ಳಿ ದಾಟಿ ನಂದಿ. ಒಂದು ಸಲ ಹತ್ತಿ, ಇಳಿದು, ಮತ್ತೆ ಹತ್ತುತ್ತಿದ್ದೆ. ಸೈಕಲ್ ಪಕ್ಕಕ್ಕೆ ತೂಗುಹಾಕುವ ಪ್ಯಾನಿಯರ್ ಬ್ಯಾಗಿಗೆ ನೀರಿನ ಬಾಟಲಿಗಳನ್ನು ತುಂಬಿಕೊಂಡು ಭಾರದ ಜೊತೆಗೂ ಹತ್ತಿದ್ದೆ. ಚಾರ್ಮಾಡಿ, ಆಗುಂಬೆ, ಮುಳ್ಳಯ್ಯನಗಿರಿ ಎಲ್ಲ ಆಯ್ತು. ಕಾಲು ಗಟ್ಟಿಯಾಯ್ತು, ಉಸಿರು ಪಳಗಿತು. ಇನ್ನು ಹಿಮಾಲಯ ಅಂದರೆ ಉದ್ದದ ನಂದಿ, ಅಷ್ಟೇ ಅಂದುಕೊಂಡೆ.

ಎತ್ತರಗಳನ್ನು ಸುಮ್ನೆ ಸಾಲಾಗಿ ಬರೆದು ನೋಡಿದ್ದರೂ ಸಾಕಿತ್ತು. ಬೆಂಗಳೂರು ಸುಮಾರು 920 ಮೀಟರ್. ನಂದಿ 1,478. ಕರ್ನಾಟಕದಲ್ಲೇ ಅತಿ ಎತ್ತರದ ಮುಳ್ಳಯ್ಯನಗಿರಿ 1,930. ಮನಾಲಿ ಊರು ಇರೋದೇ 2,050ರಲ್ಲಿ. ನಮ್ಮ ರಾಜ್ಯದ ಎತ್ತರ ಮುಗಿಯುವ ಜಾಗಕ್ಕಿಂತ ಮೇಲಿಂದ ನಿಮ್ಮ ಪ್ರಯಾಣ ಶುರು. ಅಲ್ಲಿಂದ ಮುಂದೆ ದಾಟಬೇಕಾದ ಪರ್ವತದ ಕಣಿವೆದಾರಿಗಳು (ಲಾ ಅಂದರೆ ಅದೇ): ರೋಹ್ತಾಂಗ್ 3,978, ಬಾರಾಲಾಚಾ ಸುಮಾರು 4,890. ಲಾಚುಲುಂಗ್ ಲಾ 5,000 ದಾಟುತ್ತದೆ, ಕೊನೆಯ ತಂಗ್‌ಲಂಗ್ ಲಾ 5,300ರ ಆಸುಪಾಸು. 5,000 ಮೀಟರ್‌ನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಒಂದು ಉಸಿರಿಗೆ ಸಿಗುವ ಆಮ್ಲಜನಕವೂ ಅದೇ ಲೆಕ್ಕ. ಇದಕ್ಕೆ ಬೆಂಗಳೂರಿನಲ್ಲಿದ್ದು ತಯಾರಾಗಲು ಆಗಲ್ಲ. ಎಷ್ಟೇ ಸಲ ನಂದಿ ಹತ್ತಿದರೂ ಆಗಲ್ಲ.

ಮೊದಲ ಕೆಲವು ದಿನ ಎಲ್ಲ ಚೆನ್ನಾಗಿತ್ತು. ಮನಾಲಿಯಲ್ಲಿ ವಿಶ್ರಾಂತಿ, ಮಢಿಯಲ್ಲಿ ಒಂದು ರಾತ್ರಿ, ರೋಹ್ತಾಂಗ್ ಹತ್ತಿ ಲಾಹೌಲ್‌ಗೆ ಇಳಿದೆ. ಚಂದ್ರಾ ನದಿ ಪಕ್ಕದಲ್ಲಿ ಸಿಸ್ಸು. ತಾಂಡಿಯಲ್ಲಿ ಚಂದ್ರಾ, ಭಾಗಾ ಕೂಡುತ್ತವೆ, ಅಲ್ಲಿಂದ ಕೇಲಾಂಗ್, ಆಮೇಲೆ ಜಿಸ್ಪಾ. ಜಿಸ್ಪಾದಲ್ಲಿ ಉಳಿದ ಮನೆಯ ಯಜಮಾನರು, ನಾಳೆ ಪಟ್ಸೇವ್‌ನಲ್ಲಿ ನಿಲ್ಲು, ಮರುದಿನ ಜಿಂಗ್ ಜಿಂಗ್ ಬಾರ್, ಆಮೇಲೆ ಸರ್ಚು ಅಂತ ಹೇಳಿದರು. ಆದರೆ ಲೇಹ್‌ನಿಂದ ಬೆಂಗಳೂರಿಗೆ ವಿಮಾನದ ಟಿಕೆಟ್ ಮೊದಲೇ ಮಾಡಿಸಿಬಿಟ್ಟಿದ್ದೆ. ಆಫೀಸಿಗೆ ಸೋಮವಾರ ಬರ್ತೀನಿ ಅಂತ ಹೇಳಿದ್ದೆ. ಕಾಲಲ್ಲಿ ಶಕ್ತಿ ಇತ್ತು. ಮೂರು ದಿನದ ದಾರಿಯನ್ನು ಒಂದೇ ದಿನ ಹೊಡೆದೆ.

ಇಲ್ಲಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಯಾಕಂದರೆ ನಿಮ್ಮ 9 ದಿನದ ಲೆಕ್ಕದಲ್ಲೂ ಇದೇ ಕೂತಿದೆ.

ಬಾರಾಲಾಚಾ ಹತ್ತಿದ್ದು ನನಗೆ ಕೆಡುಕು ಮಾಡಲಿಲ್ಲ. ಮೇಲೆ ಹೋಗಿ ಕೆಳಗೆ ಬಂದು ಮಲಗಿದರೆ ದೇಹ ತಡೆದುಕೊಳ್ಳುತ್ತದೆ. ಕೆಡುಕು ಮಾಡಿದ್ದು ಮಲಗಿದ ಎತ್ತರ. ಹಿಂದಿನ ರಾತ್ರಿ ಜಿಸ್ಪಾ, 3,200 ಮೀಟರ್. ಆ ರಾತ್ರಿ ಸರ್ಚು, 4,290. ಒಂದೇ ದಿನಕ್ಕೆ ಸಾವಿರ ಮೀಟರ್‌ಗೂ ಮೇಲೆ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಿಸಬೇಡಿ, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ರಾತ್ರಿ ಅದೇ ಎತ್ತರದಲ್ಲಿ ಉಳಿಯಿರಿ ಅನ್ನುವುದು ಡಾಕ್ಟರ್‌ಗಳು ಹೇಳುವ ಲೆಕ್ಕ. ನಾನು ಅದರ ಎರಡರಷ್ಟು ಹಾರಿದ್ದೆ.

ದೇಹಕ್ಕೆ ಈ ದಿನಗಳು ಯಾಕೆ ಬೇಕು ಅಂದರೆ, ಆಮ್ಲಜನಕ ಕಡಿಮೆ ಆದ ತಕ್ಷಣ ಉಸಿರಾಟ ಜೋರಾಗುತ್ತದೆ. ಜೋರಾಗಿ ಉಸಿರಾಡಿದಷ್ಟೂ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗಿ ರಕ್ತ ಕ್ಷಾರದ ಕಡೆಗೆ ವಾಲುತ್ತದೆ. ಆಗ ಮಿದುಳು, ಇನ್ನು ಸಾಕು, ನಿಧಾನ ಉಸಿರಾಡು ಅನ್ನುತ್ತದೆ. ಈ ಏರುಪೇರನ್ನು ಸರಿಮಾಡುವುದು ಮೂತ್ರಪಿಂಡ, ಅದಕ್ಕೆ ದಿನಗಳು ಬೇಕು. ಕೆಂಪು ರಕ್ತಕಣ ಹೆಚ್ಚಾಗಲು ವಾರಗಳೇ ಬೇಕು. ತೊಡೆಯ ಸ್ನಾಯು ಎಷ್ಟು ಬಲವಾಗಿದ್ದರೂ ಮೂತ್ರಪಿಂಡದ ಕೆಲಸ ಬೇಗ ಮುಗಿಯಲ್ಲ. ಕಾಲು ಅಷ್ಟು ಗಟ್ಟಿ ಇಲ್ಲದವನು ಜಿಂಗ್ ಜಿಂಗ್ ಬಾರ್‌ನಲ್ಲೇ ಸುಸ್ತಾಗಿ ಮಲಗಿಬಿಡುತ್ತಿದ್ದ, ಆ ಸುಸ್ತೇ ಅವನನ್ನು ಕಾಪಾಡುತ್ತಿತ್ತು. ನಂದಿಯಲ್ಲಿ ಗಳಿಸಿದ ಕಾಲು ನನ್ನನ್ನು ಸೂರಜ್ ತಾಲ್, ಬಾರಾಲಾಚಾ, ಭರತ್‌ಪುರ ದಾಟಿಸಿ ಕತ್ತಲಾಗುವಷ್ಟರಲ್ಲಿ ಸರ್ಚುಗೆ ತಂದು ಬಿಟ್ಟಿತು. ಹಾಗಾಗಿ ನಂದಿ ಟೈಮಿಂಗ್ ಇನ್ನೂ ಇಳಿಸಬೇಕಾ ಅನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಈಗಿನ ಕಾಲೇ ಸಾಕು. ಇನ್ನೂ ವೇಗ ಬಂದರೆ ತಪ್ಪು ಜಾಗಕ್ಕೆ ಬೇಗ ತಲುಪುತ್ತೀರಿ.

ಸರ್ಚು ತಪ್ಪು ಜಾಗ ಅನ್ನಲು ಇನ್ನೊಂದು ಕಾರಣ ಇದೆ. ಜಿಂಗ್ ಜಿಂಗ್ ಬಾರ್ ಕೂಡ 4,270, ಎತ್ತರ ಹೆಚ್ಚು ಕಡಿಮೆ ಒಂದೇ. ಆದರೆ ಅಲ್ಲಿ ರಾತ್ರಿ ತಲೆ ಸಿಡಿದರೆ ಜಿಸ್ಪಾ ಹತ್ತಿರದ ದಾರ್ಚಾ ಕಡೆಗೆ ಇಳಿದುಬಿಡಬಹುದು, ಎಲ್ಲ ಇಳಿಜಾರೇ. ಸರ್ಚುವಿನಿಂದ ಇಳಿಯಲು ದಾರಿ ಇಲ್ಲ. ಹಿಂದಕ್ಕೆ ಬಾರಾಲಾಚಾ, ಮುಂದಕ್ಕೆ ನಕೀ ಲಾ, ಲಾಚುಲುಂಗ್ ಲಾ. ಎತ್ತರದ ಕಾಯಿಲೆಗೆ ಇರುವ ನಂಬಿಕಸ್ತ ಮದ್ದು ಕೆಳಗಿಳಿಯುವುದು. ಅಲ್ಲಿ ಕೆಳಗಿಳಿಯಬೇಕು ಅಂದರೂ ಮೊದಲು ಹತ್ತಬೇಕು.

ಆ ರಾತ್ರಿ ಢಾಬಾದ ಟೆಂಟ್‌ನಲ್ಲಿ ತಲೆನೋವು ಶುರುವಾಯ್ತು. ಬಿಸಿಲು, ನೀರು ಕುಡಿದಿದ್ದು ಸಾಲದು ಅಂದುಕೊಂಡೆ. ರಾಜ್ಮಾ ಅನ್ನ ಎರಡು ತುತ್ತು ಇಳಿಯಲಿಲ್ಲ. ವಾಂತಿ ಆಯ್ತು. ಯಾರಿಗೂ ಹೇಳಲಿಲ್ಲ, ಇಷ್ಟು ದೂರ ಒಬ್ಬನೇ ಬಂದವನು ತಲೆನೋವು ಅಂತ ಹೇಳೋದಾ ಅನ್ನುವ ಸಂಕೋಚ. ಬೆಳಗ್ಗೆ ಶೂ ಲೇಸ್ ಕಟ್ಟಲು ಬೆರಳು ಮಾತು ಕೇಳುತ್ತಿರಲಿಲ್ಲ. ಸೈಕಲ್ ಹತ್ತಿರ ಹೋಗುವಾಗ ಪಕ್ಕಕ್ಕೆ ವಾಲಿದೆ. ಢಾಬಾ ನಡೆಸುವ ಹೆಂಗಸು ನೋಡಿದರು. ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನೇರ ನಡೆದು ತೋರಿಸು ಬೇಟಾ ಅಂದರು. ಆಗಲಿಲ್ಲ. ಹಾಗೆ ನಡೆಯಲು ಆಗಲ್ಲ ಅಂದರೆ ಮಿದುಳಿನಲ್ಲಿ ಊತ ಶುರುವಾಗಿರಬಹುದು, ಆಮೇಲೆ ಕಾಯುವ ಹಾಗಿಲ್ಲ. ಅವರು ನನ್ನನ್ನು ಏನೂ ಕೇಳದೆ ರಸ್ತೆಗೆ ಹೋಗಿ ಮನಾಲಿ ಕಡೆಗೆ ಹೋಗುವ ಲಾರಿ ನಿಲ್ಲಿಸಿದರು. ಸೈಕಲ್ ಮೇಲೆ ಕಟ್ಟಿದರು. ಮತ್ತೆ ಬಾರಾಲಾಚಾ ಹತ್ತಿದ ಆ ಹೊತ್ತಿನಷ್ಟು ಸಂಕಟ ನನ್ನ ಜೀವನದಲ್ಲಿ ಬೇರೆ ಇಲ್ಲ. ದಾರ್ಚಾ ಬರುವಷ್ಟರಲ್ಲಿ ತಲೆ ಹಗುರವಾಗಿತ್ತು. ಕೇಲಾಂಗ್‌ನಲ್ಲಿ ಡಾಕ್ಟರ್ ಆಮ್ಲಜನಕ ಕೊಟ್ಟರು, ಇನ್ನೊಂದು ರಾತ್ರಿ ಅಲ್ಲೇ ಇದ್ದಿದ್ದರೆ ಕಷ್ಟವಿತ್ತು ಅಂದರು. ಲೇಹ್ ಟಿಕೆಟ್ಟಿನ ಹಣ ಹೋಯ್ತು.

ಮುಂದಿನ ವರ್ಷ ಸೆಪ್ಟೆಂಬರ್‌ನಲ್ಲಿ ಮತ್ತೆ ಹೋದೆ. ವಾಪಸ್ ಟಿಕೆಟ್ ಮಾಡಿಸಲಿಲ್ಲ. ಜಿಸ್ಪಾದಲ್ಲಿ ಒಂದು ದಿನ ಸುಮ್ನೆ ಕೂತೆ. ದೀಪಕ್ ತಾಲ್ ದಾಟಿ ಪಟ್ಸೇವ್, ಆಮೇಲೆ ಜಿಂಗ್ ಜಿಂಗ್ ಬಾರ್, ಆಮೇಲೆ ಸರ್ಚು. ಆ ಢಾಬಾದಲ್ಲೇ ಇಳಿದೆ, ಅವರು ಗುರುತು ಹಿಡಿದರು. ಈ ಸಲ ಎರಡು ತಟ್ಟೆ ಅನ್ನ ಹೋಯ್ತು. ಗಾಟಾ ಲೂಪ್ಸ್‌ನ 21 ತಿರುವುಗಳಿಗೆ ಎಲ್ಲರೂ ಹೆದರಿಸುತ್ತಾರೆ. ಲಾರಿ ಹತ್ತಲಿ ಅಂತ ಮಾಡಿದ ರಸ್ತೆ, ಏರು ನಂದಿಯ ಕೊನೆಯ ತಿರುವುಗಳಷ್ಟು ಕಡಿದಾಗಿಲ್ಲ. ತುಳಿಯುತ್ತಾ ಮಾತಾಡಲು ಆಗುವಷ್ಟೇ ವೇಗದಲ್ಲಿ ಹೋದೆ. ಪಾಂಗ್ ದಾಟಿ ಮೇಲೆ ಬಂದರೆ ಮೋರೆ ಬಯಲು, ಸುಮಾರು 40 ಕಿಲೋಮೀಟರ್ ಸಮತಟ್ಟು, ಅದೂ 4,600 ಮೀಟರ್‌ಗಿಂತ ಮೇಲೆ. ಮಧ್ಯಾಹ್ನದ ಮೇಲೆ ಗಾಳಿ ಎದ್ದರೆ ಅಲ್ಲಿ ಸಮತಟ್ಟಿನಲ್ಲೂ ಸಣ್ಣ ಗೇರ್ ಬೇಕು. ಬೆಳಗ್ಗೆ ಬೇಗ ದಾಟಿಬಿಡಿ. ದಾರಿಗೆ ಅಡ್ಡ ಬರುವ ಹಳ್ಳಗಳಿಗೂ ಇದೇ ಮಾತು. ಬಿಸಿಲೇರಿ ಹಿಮ ಕರಗಿದ ಮೇಲೆ ನೀರು ಏರುತ್ತದೆ, ಬೆಳಗ್ಗೆ ಪಾದ ನೆನೆಯುವಷ್ಟಿದ್ದದ್ದು ಸಂಜೆಗೆ ಮೊಣಕಾಲು ಮುಟ್ಟುತ್ತದೆ. ತಂಗ್‌ಲಂಗ್ ಲಾ ಇಳಿದು ರುಮ್ಟ್ಸೆ, ಉಪ್ಶಿ. ಅಲ್ಲಿ ಸಿಂಧೂ ನದಿ ಸಿಗುತ್ತದೆ, ಅದರ ದಡದಲ್ಲೇ ಕಾರು ದಾಟಿ ಲೇಹ್.

ಒಬ್ಬರೇ ಹೋಗೋದರ ಬಗ್ಗೆ. ಹೋಗಿ. ನನಗೆ ಆ ದಾರಿಯಲ್ಲಿ ಒಬ್ಬನೇ ಇದ್ದದ್ದು ಇಷ್ಟವಾಯ್ತು, ಯಾರ ವೇಗಕ್ಕೂ ಹೊಂದಿಕೊಳ್ಳಬೇಕಿರಲಿಲ್ಲ. ಆದರೆ ತುಳಿಯೋದು ಒಬ್ಬರೇ, ಮಲಗೋದು ಒಬ್ಬರೇ ಬೇಡ. ಎತ್ತರ ಮೊದಲು ಕೆಡಿಸುವುದು ಬುದ್ಧಿಯನ್ನು, ನಿಮಗೆ ಏನಾಗಿದೆ ಅಂತ ನಿಮಗೇ ಗೊತ್ತಾಗಲ್ಲ. ಸ್ವಂತ ಟೆಂಟ್ ಹೊತ್ತುಕೊಂಡು ನದಿ ದಡದಲ್ಲಿ ಹಾಕುವ ಆಸೆ ಇದ್ದರೆ ಅದನ್ನು ಕೇಲಾಂಗ್ ಕೆಳಗೆ ತೀರಿಸಿಕೊಳ್ಳಿ. ಮೇಲೆ ಢಾಬಾದಲ್ಲೇ ಮಲಗಿ, ಒಬ್ಬನೇ ಬಂದಿದ್ದೀನಿ, ಬೆಳಗ್ಗೆ ನನ್ನನ್ನು ಮಾತಾಡಿಸಿ ಅಂತ ಹೇಳಿ ಮಲಗಿ. ನಮ್ಮ ಪ್ರೀಪೇಯ್ಡ್ ಸಿಮ್ ಲಡಾಖ್‌ನಲ್ಲಿ ನಡೆಯಲ್ಲ, ಪೋಸ್ಟ್‌ಪೇಯ್ಡ್ ಮಾಡಿಸಿಕೊಳ್ಳಿ. ಎತ್ತರದ ಕಾಯಿಲೆ ತಡೆಯಲು ಕೊಡುವ ಡೈಮಾಕ್ಸ್ ಮಾತ್ರೆ ಬೇಕಾ ಅಂತ ಹೊರಡುವ ಮೊದಲು ನಿಮ್ಮ ಡಾಕ್ಟರನ್ನು ಕೇಳಿ, ಸಲ್ಫಾ ಔಷಧಿ ಆಗಿಬರದಿದ್ದರೆ ಅದನ್ನೂ ಹೇಳಿ. ಮಾತ್ರೆ ಇದೆ ಅಂತ ಎರಡು ದಿನದ ಏರನ್ನು ಒಂದು ದಿನಕ್ಕೆ ತರಬೇಡಿ.

ಸೈಕಲ್ ವಿಷಯಕ್ಕೆ ಜಾಸ್ತಿ ಹೇಳೋದಿಲ್ಲ. ನಿಮ್ಮ ಹೈಬ್ರಿಡ್ ಸಾಕು. ಹಿಂದಿನ ಕ್ಯಾಸೆಟ್ (ಹಲ್ಲುಚಕ್ರಗಳ ಗುಂಪು) ದೊಡ್ಡದು ಹಾಕಿಸಿ, ಮುಂದಿನ ಸಣ್ಣ ಚೈನ್‌ರಿಂಗ್‌ಗಿಂತ ಹಿಂದಿನ ದೊಡ್ಡ ಹಲ್ಲುಚಕ್ರ ದೊಡ್ಡದಿರಬೇಕು. ಫ್ರೇಮಿಗೆ ಹಿಡಿಯುವಷ್ಟು ಅಗಲದ ಟೈರ್, ಹೊಸ ಬ್ರೇಕ್ ಪ್ಯಾಡ್, ಜೊತೆಗೆ ಒಂದು ಜೊತೆ ಪ್ಯಾಡ್ ಬೇರೆ. ಸೈಕಲ್ ಬಿಚ್ಚಿ ಡಬ್ಬಕ್ಕೆ ಹಾಕುವಾಗ ಎಡಗಡೆ ಪೆಡಲ್ ಉಲ್ಟಾ ತಿರುಗುತ್ತದೆ ಅನ್ನೋದು ನೆನಪಿರಲಿ, ಬಲವಂತ ಮಾಡಿದರೆ ಮರೆ (ಸ್ಕ್ರೂ ಥ್ರೆಡ್) ಹಾಳಾಗುತ್ತದೆ. ಗ್ರಾವೆಲ್ ಬೈಕಿಗೆ ಇಟ್ಟ ಹಣದಲ್ಲಿ ಸಂಬಳವಿಲ್ಲದ ರಜೆ ತಗೊಳ್ಳಿ, ಅದು ನಿಮ್ಮನ್ನು ಲೇಹ್‌ಗೆ ತಲುಪಿಸುತ್ತದೆ.

ರಜೆ ಸಿಗೋದು 9 ದಿನ ಮಾತ್ರ ಅಂದರೆ ಈ ವರ್ಷ ಲೇಹ್ ಬೇಡವೇ ಬೇಡ. ಮನಾಲಿಯಿಂದ ರೋಹ್ತಾಂಗ್ ಹತ್ತಿ, ಲಾಹೌಲ್‌ನಲ್ಲಿ ಸಿಸ್ಸು, ಕೇಲಾಂಗ್, ಜಿಸ್ಪಾ ತಿರುಗಿ ಬನ್ನಿ. ಮಲಗುವ ಜಾಗ 3,400 ದಾಟಲ್ಲ, 4,000ದ ಹತ್ತಿರದ ಏರು ಹೇಗಿರುತ್ತದೆ ಅಂತಲೂ ಗೊತ್ತಾಗುತ್ತದೆ. ಎರಡು ವಾರಕ್ಕಿಂತ ಜಾಸ್ತಿ ಸಿಕ್ಕರೆ ಇಲ್ಲೇ ಬರೆಯಿರಿ, ಯಾವ ರಾತ್ರಿ ಎಲ್ಲಿ ಅಂತ ಕೂತು ಲೆಕ್ಕ ಹಾಕೋಣ. ಅಲ್ಲಿಯವರೆಗೆ ವಾಪಸ್ ಟಿಕೆಟ್ ಮಾತ್ರ ಮಾಡಿಸಬೇಡಿ.