ಫೈಬರ್ ರೆಕ್ಕೆ ಮುರಿಯಲ್ವಾ?

ಪ್ರಶ್ನೆ: ಸರ್, ನನ್ನ ಬೈಕಿನ ಫೈಬರ್ ಮಡ್‌ಗಾರ್ಡ್ ಒಮ್ಮೆ ಬಿದ್ದಿದ್ದಕ್ಕೇ ಸೀಳಿತು. ವಿಮಾನದ ರೆಕ್ಕೆಯನ್ನೂ ಫೈಬರ್‌ನಿಂದಲೇ ಮಾಡುತ್ತಾರಂತೆ. ಸಾಂಬ್ರಾದಲ್ಲಿ ವಿಮಾನ ಹತ್ತೋಕೆ ಧೈರ್ಯ ಹೇಗೆ ಬರಬೇಕು?
— ಡಿಪ್ಲೊಮಾ ವಿದ್ಯಾರ್ಥಿ, ಸಂಕೇಶ್ವರ, ಬೆಳಗಾವಿ ಜಿಲ್ಲೆ

ಉತ್ತರ: ಧೈರ್ಯವಾಗಿ ಹತ್ತಿ ತಮ್ಮಾ. ಸಣ್ಣ ಊರುಗಳಿಗೆಲ್ಲ ಹಾರುವ ಎಟಿಆರ್ 72 ಇದೆಯಲ್ಲ, ಅದರ ರೆಕ್ಕೆಯ ತುದಿ ಕಡೆಯ ಭಾಗ ಕಾರ್ಬನ್ ಫೈಬರ್‌ದೇ, ಅದು 1989ರಿಂದ ಜನರನ್ನು ಹೊತ್ತು ಹಾರುತ್ತಿದೆ. ನಿಮ್ಮ ಮಡ್‌ಗಾರ್ಡ್ ಬಹುಶಃ ಬರೀ ಪ್ಲಾಸ್ಟಿಕ್, ಒಳಗೆ ಎಳೆಯೇ ಇರಲ್ಲ. ವಿಮಾನಕ್ಕೆ ಬಳಸುವುದು ಕೂದಲಿಗಿಂತ ಎಷ್ಟೋ ತೆಳ್ಳಗಿನ ಕಾರ್ಬನ್ ಎಳೆಗಳಿಗೆ ಎಪಾಕ್ಸಿ ಅಂಟು ಕುಡಿಸಿದ ಹಾಳೆ. ಎಳೆಯ ಉದ್ದಕ್ಕೆ ಜಗ್ಗಿದರೆ ವಿಪರೀತ ಗಟ್ಟಿ. ಅಡ್ಡಕ್ಕೆ ಜಗ್ಗಿದರೆ ಅಂಟು ಎಷ್ಟು ತಡೆಯುತ್ತದೋ ಅಷ್ಟೇ, ಅದಕ್ಕೇ ಒಂದೊಂದು ಪದರವನ್ನು ಒಂದೊಂದು ದಿಕ್ಕಿಗೆ ಹಾಸುತ್ತಾರೆ.

ಆದರೆ ನಿಮ್ಮ ಅನುಮಾನ ಪೂರ್ತಿ ಸುಳ್ಳಲ್ಲ. ನಿಮ್ಮೂರ ಹತ್ತಿರದ ಹತ್ತರಗಿಯಲ್ಲಿ ವಿಮಾನದ ಲೋಹದ ಭಾಗ ಕೊರೆಯುತ್ತಾರಲ್ಲ, ಅವರ ಕೈಗೆ ಅಲ್ಯುಮಿನಿಯಂ ಬರುವ ಮೊದಲೇ ಅದರ ಬಲ ಪರೀಕ್ಷೆಯಾಗಿರುತ್ತದೆ. ಎಳೆ, ಅಂಟು ಸೇರಿಸಿ ಮಾಡಿದ ಇಂಥ ವಸ್ತುವಿಗೆ ಕಾಂಪೋಸಿಟ್ ಅಂತಾರೆ, ಅದರಲ್ಲಿ ಆ ಅನುಕೂಲ ಇಲ್ಲ, ಭಾಗ ತಯಾರಾಗುವಾಗಲೇ ಅದರ ಬಲವೂ ತಯಾರಾಗಬೇಕು. ಹಾಳೆಗಳನ್ನು ಮೈನಸ್ 18 ಡಿಗ್ರಿ ಫ್ರೀಜರ್‌ನಲ್ಲಿ ಇಡಬೇಕು, ಹೊರಗೆ ತೆಗೆದಿಟ್ಟ ಒಂದೊಂದು ಗಂಟೆಯ ಲೆಕ್ಕವನ್ನೂ ಬರೆದಿಡಬೇಕು, ಹಾಸಿದ ಮೇಲೆ ಆಟೋಕ್ಲೇವ್ ಅನ್ನುವ, ದೊಡ್ಡ ಪ್ರೆಶರ್ ಕುಕ್ಕರ್‌ನಂಥ ಒಲೆಯೊಳಗೆ ಸುಮಾರು 180 ಡಿಗ್ರಿ ಬಿಸಿ, ಆರೇಳು ಬಾರ್ (ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು ಆರೇಳು ಪಟ್ಟು) ಒತ್ತಡ ಕೊಟ್ಟು ಬೇಯಿಸಬೇಕು. ಹಾಳೆಯ ಹಿಂದಿನ ಕಾಗದದ ಚೂರು ಒಳಗೇ ಉಳಿದರೂ, ಗಾಳಿಗುಳ್ಳೆ ಜಾಸ್ತಿ ಆದರೂ ಅಲ್ಲಿ ಪದರ ಬಿಡುತ್ತದೆ, ಮೇಲಿಂದ ನೋಡಿದರೆ ಗೊತ್ತೇ ಆಗಲ್ಲ. ಅದಕ್ಕೇ ಮುಖ್ಯ ಭಾಗಗಳನ್ನು ಅಲ್ಟ್ರಾಸೌಂಡ್‌ನಲ್ಲಿ ಇಂಚಿಂಚೂ ನೋಡುತ್ತಾರೆ. ರಿಪೇರಿ ಶೆಡ್‌ನಲ್ಲಿ ಇನ್ನೂ ಸರಳ: ಸಂತೆಯಲ್ಲಿ ಗಡಿಗೆ ತಟ್ಟಿ ನೋಡಿದ ಹಾಗೆ ನಾಣ್ಯದಿಂದ ತಟ್ಟುವುದೂ ಉಂಟು, ಪದರ ಬಿಟ್ಟ ಕಡೆ ಸದ್ದು ಮಂದವಾಗಿ ಬರುತ್ತದೆ.

ಕೈಯಿಂದ ಸ್ಪ್ಯಾನರ್ ಜಾರಿ ಬಿದ್ದರೂ ಹೊರಗೆ ಗುರುತು ಕಾಣದೆ ಒಳಗೆ ಬಿರುಕು ಬಿಡಬಹುದು. ಲೋಹವಾದರೆ ನೆಗ್ಗಿ ತೋರಿಸುತ್ತದೆ, ಇದು ತೋರಿಸಲ್ಲ. ನನ್ನ ಪ್ರಕಾರ ಈ ವಸ್ತುವಿನ ದೊಡ್ಡ ಕೊರತೆ ಇದೇ. ಹಾಗಾಗಿ ಕಣ್ಣಿಗೆ ಬೀಳದ ಅಂಥ ಪೆಟ್ಟು ಇದ್ದೇ ಇದೆ ಅಂದುಕೊಂಡೇ ವಿನ್ಯಾಸ ಮಾಡುತ್ತಾರೆ. ಹಾರಾಟದಲ್ಲಿ ಬರಬಹುದಾದ ಅತಿ ಹೆಚ್ಚಿನ ಭಾರದ ಒಂದೂವರೆ ಪಟ್ಟು ತಡೆಯಬೇಕು ಅಂತ ನಿಯಮವೇ ಇದೆ. ಬೋಯಿಂಗ್ 787ರ ತೂಕದಲ್ಲಿ ಸುಮಾರು ಅರ್ಧ ಕಾಂಪೋಸಿಟ್, 2010ರಲ್ಲಿ ಅದರ ರೆಕ್ಕೆಯನ್ನು ನೆಲದ ಮೇಲೆಯೇ ಅಷ್ಟು ಭಾರಕ್ಕೆ ಬಗ್ಗಿಸಿ ನೋಡಿದರು, ಮುರಿಯಲಿಲ್ಲ.

2001ರಲ್ಲಿ ನ್ಯೂಯಾರ್ಕ್‌ನಲ್ಲಿ ಏರ್‌ಬಸ್ ಎ300 ಒಂದರ ಕಾಂಪೋಸಿಟ್ ಬಾಲ ಕಿತ್ತುಹೋಗಿ ವಿಮಾನ ಬಿದ್ದಿದ್ದು ನಿಜ. ಆದರೆ ತನಿಖೆಯಲ್ಲಿ ಗೊತ್ತಾಗಿದ್ದು ಬೇರೆ: ಪೈಲಟ್ ರಡ್ಡರನ್ನು (ವಿಮಾನದ ಮೂತಿಯನ್ನು ಅಕ್ಕಪಕ್ಕ ತಿರುಗಿಸುವ ಬಾಲದ ಹಲಗೆ) ಎಡಕ್ಕೂ ಬಲಕ್ಕೂ ಮತ್ತೆ ಮತ್ತೆ ಜೋರಾಗಿ ತುಳಿದಿದ್ದರು, ಬಾಲ ಮುರಿದಿದ್ದು ಆ ಒಂದೂವರೆ ಪಟ್ಟನ್ನೂ ದಾಟಿದ ಮೇಲೆ.