ವರ್ಣಭೇದದ ವಿರುದ್ಧ ನಿಂತರೆ ವ್ಯಾಪಾರ ಮುಳುಗಲ್ವಾ?

ನೀವು ಕೇಳಿರುವುದು ಎರಡು ಪ್ರಶ್ನೆ. ಪರದೇಶಕ್ಕೆ ಹೋಗಿ ವ್ಯಾಪಾರ ಮಾಡಿ, ವರ್ಣಭೇದದ ವಿರುದ್ಧವೂ ಹೋರಾಡಿದ ಕಪ್ಪು ಉದ್ಯಮಿ ಯಾರಿದ್ದಾರೆ? ಹಾಗೆ ಹೋರಾಟಕ್ಕೆ ಇಳಿದರೆ ವ್ಯಾಪಾರ ಮುಳುಗಲ್ವಾ? ಮೊದಲನೆಯದಕ್ಕೆ ನನ್ನ ಉತ್ತರ ಫ್ರಾಂಕ್ ಕ್ರಿಚ್ಲೋ. ಎರಡನೆಯದಕ್ಕೂ ಅವರ ಬದುಕಿನಲ್ಲೇ ಉತ್ತರ ಇದೆ, ಆದರೆ ಅದನ್ನು ಒಂದೇ ಮಾತಲ್ಲಿ ಹೇಳೋಕಾಗಲ್ಲ.

ಕ್ರಿಚ್ಲೋ ಟ್ರಿನಿಡಾಡ್‌ನವರು. 1953ರಲ್ಲಿ ಇಂಗ್ಲೆಂಡಿಗೆ ಬಂದರು. ರೈಲ್ವೆಯಲ್ಲಿ ದುಡಿದರು, ಬ್ಯಾಂಡ್ ಕಟ್ಟಿದರು, 1959ರಲ್ಲಿ ಲಂಡನ್ನಿನ ನಾಟಿಂಗ್ ಹಿಲ್‌ನಲ್ಲಿ ಎಲ್ ರಿಯೋ ಎಂಬ ಕಾಫಿ ಬಾರ್ ತೆರೆದರು. ಹಿಂದಿನ ವರ್ಷವಷ್ಟೇ ಅಲ್ಲಿ ಬಿಳಿಯ ಹುಡುಗರ ಗುಂಪುಗಳು ಕೆರಿಬಿಯನ್ ಜನರ ಮನೆಗಳ ಮೇಲೆ ದಾಳಿ ಮಾಡಿದ್ದವು. ಕಪ್ಪು ಜನರಿಗೆ ಬಾಡಿಗೆ ಮನೆ ಸಿಗುವುದೇ ಕಷ್ಟವಾಗಿದ್ದ ಕಾಲ. ಅಂಥ ಕಡೆ ಯಾರ ಭಯವೂ ಇಲ್ಲದೆ ಕೂತು ಕಾಫಿ ಕುಡಿಯುವ ಜಾಗ ಇದ್ದರೆ ಅದೇ ದೊಡ್ಡದು, ಅಲ್ವಾ?

1968ರಲ್ಲಿ ಆಲ್ ಸೇಂಟ್ಸ್ ರಸ್ತೆಯಲ್ಲಿ ಅವರು ಮ್ಯಾಂಗ್ರೋವ್ ಎಂಬ ರೆಸ್ಟೋರೆಂಟ್ ಶುರು ಮಾಡಿದರು. ಕೆರಿಬಿಯನ್ ಊಟ, ತಡರಾತ್ರಿವರೆಗೂ ಜನ. ಅಕ್ಕಪಕ್ಕದ ಕೂಲಿ ಕೆಲಸದವರ ಜೊತೆಗೆ ಚಿಂತಕ ಸಿ.ಎಲ್.ಆರ್. ಜೇಮ್ಸ್, ಗಾಯಕಿ ನೀನಾ ಸಿಮೋನ್ ಥರದವರೂ ಬರುತ್ತಿದ್ದರು. ಮನೆ ಖಾಲಿ ಮಾಡಿಸಿದರೆ, ಪೊಲೀಸರು ಹಿಡಿದರೆ, ಜನ ಸಲಹೆ ಕೇಳಲು ಬರುತ್ತಿದ್ದುದೂ ಅಲ್ಲಿಗೇ.

ಪೊಲೀಸರ ಕಣ್ಣು ಬಿದ್ದಿದ್ದು ಇದಕ್ಕೇ ಅಂತ ನನ್ನ ಅನಿಸಿಕೆ. 1969ರ ಜನವರಿಯಿಂದ 1970ರ ಜುಲೈವರೆಗೆ 12 ಸಲ ದಾಳಿ ಮಾಡಿದರು. ಮಾದಕ ವಸ್ತು ಇದೆ ಎಂದು ನೆಪ. ಒಂದು ಸಲವೂ ಏನೂ ಸಿಗಲಿಲ್ಲ. ರಾತ್ರಿಯಿಡೀ ತೆರೆದಿರುವ ಲೈಸೆನ್ಸೂ ಹೋಯಿತು, 11 ಗಂಟೆಯ ಮೇಲೆ ಊಟ ಬಡಿಸಿದರೆ ಕೇಸು. ಹೋಟೆಲ್ ನಡೆಸಿದವರಿಗೆ ಇದರ ನೋವು ಗೊತ್ತಾಗುತ್ತದೆ. ವ್ಯಾಪಾರ ಆಗುವ ಹೊತ್ತಿಗೇ ಬಾಗಿಲು ಹಾಕಬೇಕು. ಊಟದ ನಡುವೆ ಪೊಲೀಸರು ನುಗ್ಗಿದರೆ ಗಿರಾಕಿ ಮತ್ತೆ ಬರುತ್ತಾನಾ?

ಈ ಕಾಟವನ್ನು ವಿರೋಧಿಸಿ 1970ರ ಆಗಸ್ಟ್ 9ರಂದು 150ರಷ್ಟು ಜನ ಪೊಲೀಸ್ ಠಾಣೆಗಳ ಕಡೆ ಮೆರವಣಿಗೆ ಹೊರಟರು. ಅವರಿಗಿಂತ ಎಷ್ಟೋ ಪಟ್ಟು ಜಾಸ್ತಿ ಪೊಲೀಸರಿದ್ದರು. ಘರ್ಷಣೆ ಆಯಿತು. ಕ್ರಿಚ್ಲೋ ಸೇರಿ ಒಂಬತ್ತು ಮಂದಿಯ ಮೇಲೆ ಗಲಭೆ ಎಬ್ಬಿಸಿದ ಆರೋಪ ಹೊರಿಸಿದರು. ಕೆಳಗಿನ ಕೋರ್ಟು ಆ ಆರೋಪವನ್ನು ತಳ್ಳಿಹಾಕಿದರೂ ಸರ್ಕಾರಿ ಕಡೆಯವರು ಬಿಡದೆ ಮತ್ತೆ ತಂದರು.

1971ರಲ್ಲಿ ಓಲ್ಡ್ ಬೇಲಿ ಕೋರ್ಟಿನಲ್ಲಿ 55 ದಿನ ವಿಚಾರಣೆ ನಡೆಯಿತು. ನನಗೆ ತುಂಬಾ ಹಿಡಿಸುವ ಭಾಗ ಇದು. ಆ ಒಂಬತ್ತು ಮಂದಿಯಲ್ಲಿ ಇಬ್ಬರು, ಡಾರ್ಕಸ್ ಹೌ ಮತ್ತು ಆಲ್ಥಿಯಾ ಜೋನ್ಸ್-ಲೆಕಾಯಿಂಟ್, ವಕೀಲರನ್ನು ಇಟ್ಟುಕೊಳ್ಳದೆ ತಾವೇ ವಾದಿಸಿದರು. ಜ್ಯೂರಿಯಲ್ಲಿ, ಅಂದರೆ ತಪ್ಪಿತಸ್ಥರೋ ಅಲ್ಲವೋ ಎಂದು ತೀರ್ಮಾನಿಸುವ ಸಾಮಾನ್ಯ ಜನರ ತಂಡದಲ್ಲಿ, ಕಪ್ಪು ಜನರೇ ಇರಲಿ ಎಂದು ಕೇಳಿದರು. ಜಡ್ಜ್ ಒಪ್ಪಲಿಲ್ಲ. ಆಗ ಆರೋಪಿಗಳ ಕಡೆಯವರು ಒಬ್ಬೊಬ್ಬರಾಗಿ 63 ಮಂದಿಯನ್ನು ಬೇಡವೆಂದರು. ಕೊನೆಗೆ 12 ಜನರಲ್ಲಿ ಇಬ್ಬರು ಕಪ್ಪು ಜನ ಬಂದರು. ವ್ಯಾನಿನೊಳಗೆ ಕೂತು ಎಲ್ಲ ನೋಡಿದೆವು ಎಂದು ಪೊಲೀಸರು ಸಾಕ್ಷಿ ಹೇಳಿದಾಗ, ಆ ಸಣ್ಣ ಕಿಂಡಿಯಿಂದ ಅಷ್ಟು ಜನ ಒಟ್ಟಿಗೆ ಹೇಗೆ ನೋಡಿದಿರಿ ಎಂಬ ಪ್ರಶ್ನೆ ಎದ್ದಿತು.

ಗಲಭೆಯ ಆರೋಪದಿಂದ ಒಂಬತ್ತೂ ಜನ ಪಾರಾದರು. ಕ್ರಿಚ್ಲೋ ಮೇಲಿನ ಎಲ್ಲ ಆರೋಪವೂ ಬಿದ್ದುಹೋಯಿತು. ಎರಡೂ ಕಡೆ ಜನಾಂಗ ದ್ವೇಷಕ್ಕೆ ಸಾಕ್ಷ್ಯ ಕಂಡಿದೆ ಎಂದು ಜಡ್ಜ್ ಹೇಳಿದರು. ಲಂಡನ್ ಪೊಲೀಸರಲ್ಲಿ ಅಂಥ ದ್ವೇಷ ಇದೆ ಎಂದು ಬ್ರಿಟನ್ನಿನ ನ್ಯಾಯಾಧೀಶರೊಬ್ಬರು ಒಪ್ಪಿಕೊಂಡಿದ್ದು ಅದೇ ಮೊದಲು.

ಈಗ ನಿಮ್ಮ ಎರಡನೇ ಪ್ರಶ್ನೆ. ಹೌದು, ವ್ಯಾಪಾರಕ್ಕೆ ಏಟು ಬಿತ್ತು. ಗೆದ್ದ ಮೇಲೂ ಕಾಟ ನಿಲ್ಲಲಿಲ್ಲ. 1988ರಲ್ಲಿ ಮತ್ತೆ ದಾಳಿ, ಮತ್ತೆ ಮಾದಕ ವಸ್ತುವಿನ ಕೇಸು. ಜಾಮೀನಿನ ಷರತ್ತಿನಿಂದ ತಮ್ಮದೇ ಹೋಟೆಲಿನ ಹತ್ತಿರ ಅವರು ಸುಳಿಯುವಂತಿರಲಿಲ್ಲ. ಮಾಲೀಕನಿಲ್ಲದ ಹೋಟೆಲ್ ಎಷ್ಟು ದಿನ ನಡೆದೀತು? 1989ರಲ್ಲಿ ಆ ಕೇಸೂ ಬಿತ್ತು. 1992ರಲ್ಲಿ ಪೊಲೀಸರು 50,000 ಪೌಂಡ್ ಪರಿಹಾರ ಕೊಟ್ಟರು. ಅಷ್ಟರಲ್ಲಿ ಮ್ಯಾಂಗ್ರೋವ್ ಕೈತಪ್ಪುವ ಹಂತಕ್ಕೆ ಬಂದಿತ್ತು.

ಆದರೆ ಒಂದು ಮಾತು. ಕ್ರಿಚ್ಲೋ ಹೋರಾಟಕ್ಕೆ ಇಳಿದಿದ್ದರಿಂದ ದಾಳಿ ಶುರುವಾಗಲಿಲ್ಲ. ದಾಳಿ ಮೊದಲು, ಮೆರವಣಿಗೆ ಆಮೇಲೆ. ಸುಮ್ನೆ ಬಾಯಿ ಮುಚ್ಚಿಕೊಂಡು ಊಟ ಬಡಿಸುತ್ತಿದ್ದಾಗಲೇ ಅವರ ಲೈಸೆನ್ಸ್ ಹೋಗಿತ್ತು. ಹಾಗಾಗಿ ಹೋರಾಡಿದ್ದಕ್ಕೆ ಅವರ ವ್ಯಾಪಾರ ಮುಳುಗಿತು ಎಂದು ಹೇಳಲು ನನಗೆ ಮನಸ್ಸು ಬರುವುದಿಲ್ಲ. ಹೋರಾಡಿದ್ದಕ್ಕೇ ಅದು ಅಷ್ಟು ವರ್ಷ ಉಳಿಯಿತು ಎಂದೇ ನಾನು ನಂಬಿದ್ದೇನೆ.