ಪ್ಯಾನ್‌ಕೇಕ್ ಮಂಗಳವಾರ: ಒಲೆ ಮುಂದೆ ಈಗ ಯಾರು?

ಬ್ರಿಟನ್ನಿನ ಪ್ಯಾನ್‌ಕೇಕ್ ದಿನದ ಬಗ್ಗೆ, ಅಂದರೆ ಮೈದಾ, ಮೊಟ್ಟೆ, ಹಾಲು ಕಲಸಿ ದೋಸೆ ಥರ ಹುಯ್ದು ತಿನ್ನುವ ದಿನದ ಬಗ್ಗೆ, ಈ ಸಲ ಪತ್ರಗಳು ಜಾಸ್ತಿ ಬಂದಿವೆ. ನಾನು ಬರ್ಮಿಂಗ್‌ಹ್ಯಾಮ್‌ನಲ್ಲಿ ಸಂಸಾರ ಮಾಡಿ, ಅಲ್ಲೇ ಮಕ್ಕಳನ್ನು ಶಾಲೆಗೆ ಕಳಿಸಿದವಳು ಅಂತ ಗೊತ್ತಿದ್ದೇ ಬರೆದಿದ್ದೀರಿ ಅನ್ನಿಸುತ್ತದೆ. ಅದಕ್ಕೇ ಈ ಅಂಕಣ ಪೂರ್ತಿ ಅದಕ್ಕೇ ಬಿಟ್ಟಿದ್ದೇನೆ. ಉಪ್ಪಿನಕಾಯಿಗೆ ಬೂಷ್ಟು ಹಿಡಿದವರು ಮುಂದಿನ ಸಂಚಿಕೆವರೆಗೆ ಕಾಯಬೇಕು.

ಮಗ ಓದುವುದಕ್ಕೆ ಮ್ಯಾಂಚೆಸ್ಟರ್‌ಗೆ ಹೋಗಿದ್ದಾನೆ. ಫೋನ್ ಮಾಡಿ "ಅಮ್ಮಾ, ಇವತ್ತು ಇಲ್ಲಿ ಪ್ಯಾನ್‌ಕೇಕ್ ಹಬ್ಬ" ಅಂದ. ಆದರೆ ರಜೆ ಇಲ್ಲವಂತೆ. ರಜೆ ಇಲ್ಲದ ಹಬ್ಬ ಎಂಥದ್ದು? ಒಂದು ತಿಂಡಿಗೆ ಹಬ್ಬ ಯಾಕೆ?
ಮೈಸೂರಿನ ಓದುಗರು

ರಜೆ ಇಲ್ಲ ನಿಜ. ಹಿಂದೆ ಕೆಲಸ ಕಲಿಯುವ ಹುಡುಗರಿಗೆ ಅರ್ಧ ದಿನ ಬಿಡುವು ಸಿಗುತ್ತಿತ್ತು, ಈಗ ಅದೂ ಇಲ್ಲ. ಇದು ಈಸ್ಟರ್‌ಗಿಂತ 47 ದಿನ ಮುಂಚೆ ಬರುವ ಮಂಗಳವಾರ. ಮಾರನೆಯ ದಿನ ಬೂದಿ ಬುಧವಾರ. ಅಲ್ಲಿಂದ ಕ್ರೈಸ್ತರಿಗೆ ತಪಸ್ಸಿನ ಕಾಲ, ಭಾನುವಾರಗಳನ್ನು ಬಿಟ್ಟು ಎಣಿಸಿದರೆ 40 ದಿನ. ಹಳೆಯ ಕಾಲದಲ್ಲಿ ಆ ದಿನಗಳಲ್ಲಿ ಮಾಂಸ ಮಾತ್ರ ಅಲ್ಲ, ಮೊಟ್ಟೆ, ಹಾಲು, ಬೆಣ್ಣೆಯನ್ನೂ ಮುಟ್ಟುವ ಹಾಗಿರಲಿಲ್ಲ. ಮನೆಯಲ್ಲಿದ್ದದ್ದನ್ನು ಎಸೆಯುವುದಕ್ಕೆ ಯಾರಿಗೆ ಮನಸ್ಸು ಬರುತ್ತದೆ? ಎಲ್ಲವನ್ನೂ ಹಿಟ್ಟಿಗೆ ಸೇರಿಸಿ ಕಲಸಿ, ಹುಯ್ದು, ತಿಂದು ಮುಗಿಸುತ್ತಿದ್ದರು. ಚರ್ಚಿಗೆ ಹೋಗಿ ಪಾಪ ಒಪ್ಪಿಕೊಳ್ಳುವ ದಿನವೂ ಅದೇ ಆಗಿತ್ತು.

ಈಸ್ಟರ್ ಚಂದ್ರನ ಲೆಕ್ಕದಲ್ಲಿ ಓಡಾಡುವುದರಿಂದ ಇದೂ ಓಡಾಡುತ್ತದೆ. 2025ರಲ್ಲಿ ಮಾರ್ಚ್ 4ಕ್ಕೆ ಬಂದಿತ್ತು, 2026ರಲ್ಲಿ ಫೆಬ್ರುವರಿ 17ಕ್ಕೆ, 2027ರಲ್ಲಿ ಫೆಬ್ರುವರಿ 9ಕ್ಕೆ. ಉಪವಾಸ ಮಾಡುವವರು ಈಗ ಬಹಳ ಕಮ್ಮಿ. ಹಿಂದಿನ ದಿನ ತಿನ್ನುವುದನ್ನು ಮಾತ್ರ ಯಾರೂ ಬಿಟ್ಟಿಲ್ಲ. ಏಕಾದಶಿ ಬಿಟ್ಟು ದಶಮಿ ಊಟ ಇಟ್ಟುಕೊಂಡ ಹಾಗಾಯಿತು ಅಂತ ನೀವು ನಗಬಹುದು, ನಗಿ. ಪೂಜೆ, ಪ್ರಾರ್ಥನೆ ಏನೂ ಕಡ್ಡಾಯ ಇಲ್ಲದ್ದರಿಂದಲೇ ಹಿಂದೂ, ಮುಸ್ಲಿಂ, ಸಿಖ್ ಮನೆಗಳ ಮಕ್ಕಳೂ ಸಂಕೋಚ ಇಲ್ಲದೆ ಸೇರಿಕೊಳ್ಳುತ್ತಾರೆ. ನಿಮ್ಮ ಮಗನೂ ಹಾಗೇ ಸೇರಿಕೊಂಡಿದ್ದಾನೆ. ಹೊಟ್ಟೆ ತುಂಬಾ ತಿಂದನಾ ಅಂತ ಕೇಳಿ, ಅಷ್ಟು ಸಾಕು.

ನಮ್ಮದು ರೆಡಿಂಗ್. ಯಜಮಾನರು ಇಲ್ಲಿಯವರೇ, ಇಂಗ್ಲಿಷರು. ಅವರು ಚಿಕ್ಕವರಿದ್ದಾಗ, 70ರ ದಶಕದಲ್ಲಿ, ಅವರಮ್ಮ ತೆಳ್ಳಗೆ ಹುಯ್ದು ನಿಂಬೆಹಣ್ಣು ಹಿಂಡಿ ಸಕ್ಕರೆ ಉದುರಿಸಿ ಸುತ್ತಿ ಕೊಡುತ್ತಿದ್ದರಂತೆ. ನಮ್ಮ ಹೆಣ್ಣುಮಕ್ಕಳಿಗೆ ದಪ್ಪ ಅಮೆರಿಕನ್ ಪ್ಯಾನ್‌ಕೇಕೇ ಆಗಬೇಕು, ಮೇಲೆ ನುಟೆಲ್ಲಾ, ಸ್ಟ್ರಾಬೆರಿ, ಕ್ರೀಮು. ಅತ್ತೆ ಪ್ರತಿ ವರ್ಷ ಬರುತ್ತಾರೆ, ತಟ್ಟೆ ನೋಡಿ "ಇದು ಪ್ಯಾನ್‌ಕೇಕ್ ದಿನ ಅಲ್ಲ" ಅನ್ನುತ್ತಾರೆ. ಯಜಮಾನರು ಮುಖ ಊದಿಸಿಕೊಂಡು ಕೂರುತ್ತಾರೆ. ಮಧ್ಯೆ ನಾನು. ಯಾರ ಕಡೆ ಸೇರಲಿ?
ರೆಡಿಂಗ್‌ನಿಂದ ಒಬ್ಬ ಓದುಗರು

ಯಾರ ಕಡೆಗೂ ಸೇರಬೇಡಿ ತಾಯಿ, ಒಲೆ ಕಡೆಗಂತೂ ಹೋಗಲೇಬೇಡಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ನಿಮ್ಮ ಯಜಮಾನರು ಹೇಳುವ ಚಿತ್ರ ನನಗೆ ಚೆನ್ನಾಗಿ ಗೊತ್ತು. ಅವರ ವಯಸ್ಸಿನ ಇಂಗ್ಲಿಷರು ಯಾರನ್ನು ಕೇಳಿದರೂ ಅದನ್ನೇ ಹೇಳುತ್ತಾರೆ. ಶಾಲೆ ಮುಗಿಸಿ ಬಂದ ಸಂಜೆ. ಇದು ಬೆಳಗಿನ ತಿಂಡಿ ಅಲ್ಲ, ಸಂಜೆಯದ್ದು, ಅಮೆರಿಕನ್ ಧಾರಾವಾಹಿ ನೋಡಿ ಬೆಳೆದ ಮಕ್ಕಳಿಗೆ ಇದೊಂದು ತಲೆಗೇ ಹೋಗುವುದಿಲ್ಲ. ಅಡುಗೆಮನೆ ತುಂಬಾ ಹೊಗೆ, ಕಿಟಕಿ ಗಾಜಿಗೆ ಹಬೆ, ಮೊದಲನೆಯದು ಕಾವು ಸಾಲದೆ ಹರಿದು ನಾಯಿಗೆ. ಮಕ್ಕಳು ಸಾಲಾಗಿ ಮೇಜಿನ ಮುಂದೆ ಕೂತು "ಈಗ ನಂದು, ಈಗ ನಂದು" ಅಂತ ಜಗಳ. ನಿಂಬೆಹಣ್ಣಿನ ಆಕಾರದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಜಿಫ್ ಅನ್ನುವ ನಿಂಬೆರಸ ಬರುತ್ತಿತ್ತು, ಈಗಲೂ ಬರುತ್ತದೆ. 1956ರಿಂದ ಇದೆ. ಬೇರೆ ಕಂಪನಿಯವರು ಅದೇ ಥರದ ಡಬ್ಬಿ ಮಾಡಿದ್ದಕ್ಕೆ ಕೇಸು ಆಗ ಅಲ್ಲಿನ ಅತಿ ದೊಡ್ಡ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್‌ವರೆಗೆ ಹೋಗಿ 1990ರಲ್ಲಿ ತೀರ್ಪಾಯಿತು. ಅಷ್ಟು ಮರ್ಯಾದೆ ಆ ಡಬ್ಬಿಗೆ. (ನನ್ನನ್ನು ಕೇಳಿದರೆ ನಿಜವಾದ ನಿಂಬೆಹಣ್ಣಿಗೆ ಸಮ ಇಲ್ಲ. ಇದನ್ನು ಅತ್ತೆ ಹತ್ತಿರ ಹೇಳಬೇಡಿ.)

ಈಗ? ವಾರಗಳ ಮುಂಚೆಯೇ ಸೂಪರ್‌ಮಾರ್ಕೆಟ್ ಬಾಗಿಲಲ್ಲೇ ಹಿಟ್ಟು, ಮೊಟ್ಟೆ, ಚಾಕೊಲೇಟ್ ಸ್ಪ್ರೆಡ್ಡು ಗುಡ್ಡೆ ಹಾಕಿರುತ್ತಾರೆ. ನೀರೋ ಹಾಲೋ ಹಾಕಿ ಅಲ್ಲಾಡಿಸಿ ಹುಯ್ಯುವ ಬಾಟಲಿ ಹಿಟ್ಟು ಬಂದಿದೆ. ಬಿಸಿ ಮಾಡಿದರೆ ಸಾಕು ಅನ್ನುವ ರೆಡಿಮೇಡ್ ಪ್ಯಾಕೆಟ್ ಬಂದಿದೆ. ಓಟ್ಸ್ ಹಾಲಿನವರು, ಗ್ಲೂಟನ್ ಬೇಡದವರು, ಚೀಸು ಪಾಲಕ್ ತುಂಬಿ ಊಟವನ್ನೇ ಮಾಡಿಬಿಡುವವರು, ಎಲ್ಲರೂ ಇದ್ದಾರೆ. ಬೇಕಿಂಗ್ ಪೌಡರ್ ಹಾಕಿದ ದಪ್ಪನೆಯದು ಟಿವಿ, ಇನ್‌ಸ್ಟಾಗ್ರಾಂ, ಕೆಫೆ ಎಲ್ಲಾ ಕಡೆಯಿಂದ ನುಗ್ಗಿದೆ. ಅದನ್ನು ತಡೆಯುವುದು ನಿಮ್ಮಿಂದಾಗಲಿ ಅತ್ತೆಯಿಂದಾಗಲಿ ಆಗದ ಕೆಲಸ.

ಆದರೆ ಅತ್ತೆ ಹೇಳುವ ಆ "ನಿಜವಾದ" ಪ್ಯಾನ್‌ಕೇಕೂ ಒಂದು ಕಾಲದಲ್ಲಿ ಹೊಸದೇ ಆಗಿತ್ತು. 1615ರಲ್ಲಿ ಅಚ್ಚಾದ ಒಂದು ಇಂಗ್ಲಿಷ್ ಮನೆವಾರ್ತೆ ಪುಸ್ತಕದಲ್ಲಿ ಪ್ಯಾನ್‌ಕೇಕಿಗೆ ಹಾಲೇ ಇಲ್ಲ, ನೀರು. ಲವಂಗ, ಜಾಪತ್ರೆ, ದಾಲ್ಚಿನ್ನಿ, ಜಾಯಿಕಾಯಿ ಹಾಕಿ ಅಂತ ಇದೆ. ಹಾಲು ಹಾಕಿದರೆ ಗಟ್ಟಿಯಾಗುತ್ತದೆ ಅಂತ ಬೈದೂ ಇದೆ! ಅಷ್ಟು ದೂರ ಯಾಕೆ, ಅತ್ತೆಯ ಬಾಲ್ಯವನ್ನೇ ಕೇಳಿ. ನಿಮ್ಮ ಯಜಮಾನರ ವಯಸ್ಸು ನೋಡಿದರೆ ಅತ್ತೆ ಎರಡನೇ ಮಹಾಯುದ್ಧದ ಆಸುಪಾಸಿನಲ್ಲಿ ಹುಟ್ಟಿರಬೇಕು. ಆಗ ಅಲ್ಲಿ ಎಲ್ಲಕ್ಕೂ ರೇಷನ್, ತಲೆಗೆ ವಾರಕ್ಕೆ ಒಂದು ಮೊಟ್ಟೆ ಸಿಕ್ಕರೆ ಪುಣ್ಯ, ಉಳಿದದ್ದಕ್ಕೆ ಡಬ್ಬದಲ್ಲಿ ಬರುವ ಒಣ ಮೊಟ್ಟೆ ಪುಡಿ, ಯುದ್ಧ ನಡೆಯುತ್ತಿದ್ದಾಗಂತೂ ನಿಂಬೆಹಣ್ಣು ಕಣ್ಣಿಗೆ ಬೀಳುತ್ತಿದ್ದದ್ದೇ ಅಪರೂಪ. ಮೊಟ್ಟೆ, ಸಕ್ಕರೆ ಎರಡರ ರೇಷನ್ನೂ ಎದ್ದುಹೋಗಿದ್ದು 1953ರಲ್ಲಿ. ಅಂದರೆ ನಿಮ್ಮ ಯಜಮಾನರು ಬಾಯಿ ಚಪ್ಪರಿಸುವ ನಿಂಬೆಹಣ್ಣು ಸಕ್ಕರೆ, ಅವರಮ್ಮನಿಗೆ ಚಿಕ್ಕಂದಿನಲ್ಲಿ ಸುಲಭಕ್ಕೆ ಸಿಗದ ವಸ್ತು. ತನಗೆ ಸಿಗದ್ದನ್ನು ಮಗನಿಗೆ ಕೈತುಂಬಾ ಕೊಟ್ಟಿದ್ದಾರೆ. ಮೊಮ್ಮಕ್ಕಳು ಅದನ್ನು ಪಕ್ಕಕ್ಕೆ ತಳ್ಳಿ ಬಾಟಲಿಗೆ ಕೈ ಹಾಕಿದರೆ ಯಾರಿಗಾದರೂ ಚುರ್ ಅನ್ನುತ್ತದೆ ಅಲ್ವಾ?

ಈಗ ಒಲೆ ವಿಷಯ. ನನ್ನ ಮಟ್ಟಿಗೆ ನಿಜವಾಗಿ ಬದಲಾಗಿದ್ದು ಮೇಲೆ ಸುರಿಯುವ ನುಟೆಲ್ಲಾ ಅಲ್ಲ, ಹುಯ್ಯುವ ಕೈ. ಆಗ ಹುಯ್ಯುತ್ತಿದ್ದವಳು ತಾಯಿ ಒಬ್ಬಳೇ. ನಮ್ಮ ಮನೆಗಳ ದೋಸೆ ಕಥೆಯೇ. ಎಲ್ಲರಿಗೂ ಬಿಸಿಬಿಸಿ ಹಾಕಿ, ಕೊನೆಗೆ ಪಾತ್ರೆ ತಳದ ಹಿಟ್ಟಿನಲ್ಲಿ ಒಂದು ಹುಯ್ದುಕೊಂಡು ನಿಂತೇ ತಿನ್ನುವುದು, ಅಷ್ಟರಲ್ಲಿ ಉಳಿದವರು ಟಿವಿ ಮುಂದೆ. ಈಗ ಎಷ್ಟೋ ಮನೆಗಳಲ್ಲಿ ಗಂಡಸರು ಹುಯ್ಯುತ್ತಾರೆ, ಮಕ್ಕಳು ಗಾಳಿಯಲ್ಲಿ ಹಾರಿಸಿ ಮಗುಚುತ್ತಾರೆ, ನೆಲಕ್ಕೂ ಬೀಳಿಸುತ್ತಾರೆ. ನಮ್ಮ ಮನೆಯಲ್ಲಿ ಒಂದು ಸಲ ಫ್ರಿಜ್ ಮೇಲೆ ಹೋಗಿ ಕೂತಿತ್ತು, ಸಿಕ್ಕಿದ್ದು ಮುಂದಿನ ಸಲ ಮನೆ ಸಾರಿಸುವಾಗ. ಪರವಾಗಿಲ್ಲ. ಈ ಬದಲಾವಣೆ ಒಳ್ಳೆಯದು, ಇದನ್ನು ಬಿಟ್ಟುಕೊಡಬೇಡಿ.

ಅದಕ್ಕೇ ನಿಮ್ಮನ್ನು ಒಲೆಯಿಂದ ದೂರ ಇರಿ ಅಂದದ್ದು. ಮುಖ ಊದಿಸಿಕೊಂಡ ಯಜಮಾನರನ್ನೇ ಒಲೆ ಮುಂದೆ ನಿಲ್ಲಿಸಿ. ಮೊದಲ ಸರದಿ ತೆಳ್ಳಗಿನದು, ಅವರಮ್ಮ ಹೇಳಿದ ಅಳತೆಯಲ್ಲಿ, ಅತ್ತೆ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತು ಹೇಳಲಿ. ಮಕ್ಕಳು ಅದನ್ನು ಒಂದಾದರೂ ತಿನ್ನಲೇಬೇಕು ಅಂತ ಕಟ್ಟುನಿಟ್ಟು ಮಾಡಿ. ಎರಡನೇ ಸರದಿ ದಪ್ಪಗಿನದು, ಏನು ಬೇಕಾದರೂ ಸುರಿದುಕೊಳ್ಳಲಿ. ಅತ್ತೆಗೆ ನುಟೆಲ್ಲಾ ಮೇಲೆ ಸಿಟ್ಟಿಲ್ಲ ಅಂತ ನನ್ನ ಅನುಮಾನ. ವರ್ಷಕ್ಕೊಂದು ಸಲ ಬಂದ ಮನೆಯಲ್ಲಿ ತನ್ನನ್ನು ಅತಿಥಿ ಥರ ಸೋಫಾದಲ್ಲಿ ಕೂರಿಸುತ್ತಾರೆ ಅಂತ ಇರಬೇಕು. ರೆಡಿಮೇಡ್ ಪ್ಯಾಕೆಟ್ ಮಾತ್ರ ಆ ದಿನ ಮನೆಗೆ ತರಬೇಡಿ, ಅದರಲ್ಲಿ ನಾನು ನಿಮ್ಮ ಅತ್ತೆ ಪಾರ್ಟಿ.

ಅಪ್ಪ ಕೆಜಿಎಫ್ ಗಣಿಯಲ್ಲಿ ಕೆಲಸದಲ್ಲಿದ್ದರು. ಪಕ್ಕದ ಕ್ವಾರ್ಟರ್ಸಿನ ಆಂಗ್ಲೋ ಇಂಡಿಯನ್ ಆಂಟಿ ಫೆಬ್ರುವರಿ ಹೊತ್ತಿಗೆ ಒಂದು ಮಂಗಳವಾರ ತೆಂಗಿನಕಾಯಿ ತುಂಬಿ ಸುತ್ತಿದ ತೆಳು ದೋಸೆಯಂಥದ್ದನ್ನು ತಟ್ಟೆ ತುಂಬಾ ಕಳಿಸುತ್ತಿದ್ದರು. ನಾವು ಅದನ್ನು ಅವರ ಮನೆ ಒಬ್ಬಟ್ಟು ಅಂದುಕೊಂಡಿದ್ದೆವು. ಇದು ಅದೇನಾ?
ಬೆಂಗಳೂರಿನ ಓದುಗರು

ಅದೇ! ನಿಮ್ಮ ಪತ್ರ ಓದಿ ನನಗೆ ಎಷ್ಟು ಖುಷಿಯಾಯಿತು ಗೊತ್ತಾ. ಕೆಜಿಎಫ್‌ನಲ್ಲಿ ಜಾನ್ ಟೇಲರ್ ಕಂಪನಿ 1880ರಲ್ಲಿ ಬಂದ ಮೇಲೆ ಬ್ರಿಟಿಷರು, ಆಂಗ್ಲೋ ಇಂಡಿಯನ್ನರು ಅಲ್ಲಿ ನೆಲೆ ನಿಂತರು, ಜೊತೆಗೆ ಕ್ಲಬ್ಬು, ಚರ್ಚು, ಕ್ರಿಸ್ಮಸ್ ಕೇಕು, ಈ ಮಂಗಳವಾರವೂ ಬಂತು. ಹಿಟ್ಟು ಅವರದೇ, ಮೈದಾ ಮೊಟ್ಟೆ ಹಾಲು. ಒಳಗೆ ಮಾತ್ರ ನಮ್ಮ ಊರಿನದು: ಕಾಯಿತುರಿ, ಸಕ್ಕರೆ ಅಥವಾ ಬೆಲ್ಲ, ಏಲಕ್ಕಿ, ಕೆಲವರ ಮನೆಯಲ್ಲಿ ದ್ರಾಕ್ಷಿ. ಗೋವಾದವರು ಕಾಯಿ ಬೆಲ್ಲ ತುಂಬಿ ಸುತ್ತುವ ಇದೇ ಥರದ್ದನ್ನು ಅಲೆ ಬೆಲೆ ಅನ್ನುತ್ತಾರೆ, ಅವರ ಕಾರ್ನಿವಲ್ ಮುಗಿಯುವುದೂ ಇದೇ ಮಂಗಳವಾರಕ್ಕೆ. ನನ್ನ ನಾಲಿಗೆ ಕೇಳಿದರೆ ನಿಂಬೆಹಣ್ಣು ಸಕ್ಕರೆಗಿಂತ ಕಾಯಿಯದೇ ಮೇಲು, ಪಕ್ಷಪಾತ ಅಂದರೆ ಅನ್ನಿ.

2001ರಲ್ಲಿ ಗಣಿ ಮುಚ್ಚಿದ್ದು ನಿಮಗೆ ಗೊತ್ತೇ ಇದೆ. ಆಂಗ್ಲೋ ಇಂಡಿಯನ್ ಕುಟುಂಬಗಳು ಬ್ರಿಟನ್ನು, ಆಸ್ಟ್ರೇಲಿಯಾ ಕಡೆ ಹೊರಟಿದ್ದು ಅದಕ್ಕಿಂತ ಬಹಳ ಮುಂಚೆ, 1947ರಿಂದಲೇ. ಬರ್ಮಿಂಗ್‌ಹ್ಯಾಮ್‌ನಲ್ಲಿ ನಮಗೆ ಪರಿಚಯ ಇದ್ದ ಅಂಥ ಒಂದು ಮನೆಯಲ್ಲಿ ಕಾಯಿ ತುಂಬಿದ್ದನ್ನೇ ಮಾಡುತ್ತಿದ್ದರು, ಫ್ರೀಜರಿನ ಕಾಯಿತುರಿ ಹಾಕಿ. ಅವರ ಮಕ್ಕಳು ಶಾಲೆಯಲ್ಲಿ ನಿಂಬೆಹಣ್ಣಿನದು ತಿಂದು ಬಂದು ಇದನ್ನೂ ತಿನ್ನುತ್ತಿದ್ದರು. ನಿಮ್ಮ ಆಂಟಿಯ ಮನೆಯವರು ಈಗ ಎಲ್ಲಿದ್ದಾರೆ ಅಂತ ಹುಡುಕಿ ನೋಡಿ. ಸಿಕ್ಕರೆ ಹೂರಣದ ಅಳತೆ ಕೇಳಿ ನನಗೂ ಬರೆಯಿರಿ.

ದೋಸೆ ತಿನ್ನುವ ನಾಡಿನ ಪತ್ರಿಕೆಯಲ್ಲಿ ಈ ಪ್ಯಾನ್‌ಕೇಕ್ ಗೊಡವೆ ಯಾಕೆ?
ದಾವಣಗೆರೆಯ ಓದುಗರು

ಬೆಣ್ಣೆ ದೋಸೆ ಊರಿನಲ್ಲಿ ಕೂತು ಈ ಪ್ರಶ್ನೆ ಕೇಳುವ ಹಕ್ಕು ನಿಮಗಿದೆ. ಪ್ರಶ್ನೆ ಬಂದಿದೆ, ಉತ್ತರ ಕೊಟ್ಟೆ, ಅಷ್ಟೇ. ನೀವು ಬಿಡದೆ ದೋಸೆ ತಿನ್ನಿ.

ನಾವಿರುವುದು ಮಿಲ್ಟನ್ ಕೀನ್ಸ್. ಹತ್ತಿರದ ಓಲ್ನಿಯಲ್ಲಿ ಹೆಂಗಸರು ಪ್ಯಾನ್ ಹಿಡಿದು ಓಡುತ್ತಾರಂತೆ. ನಾನೂ ಓಡಬಹುದಾ?
ಮಿಲ್ಟನ್ ಕೀನ್ಸ್‌ನ ಓದುಗರು

ಓಡುವ ಆಸೆ ಇದ್ದರೆ ಮೊದಲು ಮನೆ ಬದಲಾಯಿಸಬೇಕು, ಸ್ಪರ್ಧೆ ಓಲ್ನಿಯಲ್ಲೇ ವಾಸ ಇರುವ ಹೆಂಗಸರಿಗೆ. ಸ್ಕರ್ಟು, ಏಪ್ರನ್, ತಲೆಗೆ ಬಟ್ಟೆ ಕಡ್ಡಾಯ. ಬೆಳಿಗ್ಗೆ 11:55ಕ್ಕೆ ಮಾರುಕಟ್ಟೆ ಚೌಕದಿಂದ ಚರ್ಚಿನವರೆಗೆ 415 ಗಜ, ಕೈಯಲ್ಲಿ ಪ್ಯಾನ್ ಇರಬೇಕು, ಪ್ಯಾನಿನಲ್ಲಿ ಪ್ಯಾನ್‌ಕೇಕ್ ಇರಬೇಕು. 1445ರಲ್ಲಿ ಒಬ್ಬಾಕೆ ಹುಯ್ಯುತ್ತಾ ಮೈಮರೆತಿದ್ದವಳು ಚರ್ಚ್ ಗಂಟೆ ಕೇಳಿ ಪ್ಯಾನ್ ಸಮೇತ ಓಡಿದಳು ಅಂತ ಕಥೆ. ಯುದ್ಧಕಾಲದಲ್ಲಿ ನಿಂತಿದ್ದನ್ನು 1948ರಲ್ಲಿ ಅಲ್ಲಿನ ಪಾದ್ರಿ ಮತ್ತೆ ಶುರು ಮಾಡಿಸಿದರು. 1950ರಿಂದ ಅಮೆರಿಕದ ಕ್ಯಾನ್ಸಸ್‌ನ ಲಿಬರಲ್ ಅನ್ನುವ ಊರಿನವರೂ ಅದೇ ದಿನ ಓಡಿ, ಯಾರದು ಕಮ್ಮಿ ಸಮಯ ಅಂತ ಲೆಕ್ಕ ನೋಡುತ್ತಾರೆ. ನೋಡುವುದಕ್ಕಂತೂ ಹೋಗಿ, ಬೇಗ ಹೋಗಿ, ಕಣ್ಣು ಮಿಟುಕಿಸುವುದರೊಳಗೆ ಮುಗಿದುಹೋಗುತ್ತದೆ.

ನಾವು ಮೊಟ್ಟೆ ತಿನ್ನುವುದಿಲ್ಲ. ಮಗಳು ಶಾಲೆಯಿಂದ ಬಂದು "ಎಲ್ಲರ ಮನೆಯಲ್ಲೂ ಮಾಡುತ್ತಾರೆ" ಅಂತ ಅಳುತ್ತಾಳೆ. ಮೊಟ್ಟೆ ಇಲ್ಲದೆ ಮಾಡಿದರೆ ಹರಿದು ಚೂರಾಗುತ್ತದೆ.
ಲೆಸ್ಟರ್‌ನ ಓದುಗರು

ಮೊಟ್ಟೆ ಹಿಡಿದಿಡುವ ಕೆಲಸ ಮಾಡುತ್ತಿತ್ತು, ಅದಿಲ್ಲದಾಗ ಹರಿಯುತ್ತದೆ. 125 ಗ್ರಾಂ ಮೈದಾಗೆ ಒಂದು ದೊಡ್ಡ ಚಮಚ ಕಾರ್ನ್‌ಫ್ಲೋರ್, ಚಿಟಿಕೆ ಉಪ್ಪು, ಚಿಟಿಕೆ ಬೇಕಿಂಗ್ ಪೌಡರ್ ಸೇರಿಸಿ. 250 ಮಿಲಿ ಹಾಲನ್ನು ಒಂದೇ ಸಲ ಸುರಿಯದೆ ಸ್ವಲ್ಪಸ್ವಲ್ಪವೇ ಹಾಕಿ ಗಂಟಿಲ್ಲದ ಹಾಗೆ ಕಲಸಿ, ಒಂದು ಚಮಚ ಕರಗಿಸಿದ ಬೆಣ್ಣೆ ಹಾಕಿ ಇಪ್ಪತ್ತು ನಿಮಿಷ ಬಿಡಿ. ಹುಯ್ಯುವ ಮುಂಚೆ ನೋಡಿ, ಗಟ್ಟಿ ಅನ್ನಿಸಿದರೆ ಇನ್ನೊಂದಿಷ್ಟು ಹಾಲು. ಸಣ್ಣ ನಾನ್‌ಸ್ಟಿಕ್ ಪ್ಯಾನು, ಹದವಾದ ಕಾವು. ಸೌಟಿನ ಹಿಂಭಾಗದಿಂದ ಉಜ್ಜಬೇಡಿ, ಹುಯ್ದ ತಕ್ಷಣ ಪ್ಯಾನನ್ನೇ ಓಲಾಡಿಸಿ ಹರಡಿ. ಮೇಲ್ಭಾಗದ ಹಸಿ ಹೊಳಪು ಪೂರ್ತಿ ಹೋಗಿ ಅಂಚು ತಾನಾಗೇ ಎದ್ದ ಮೇಲೆ ಮಗುಚಿ, ಅವಸರ ಮಾಡಿದರೆ ಅಲ್ಲೇ ಹರಿಯುವುದು.

ಮೊದಲ ಎರಡನ್ನು ದೋಸೆ ಮಗುಚುವ ಸಟ್ಟುಗದಿಂದಲೇ ಮಗುಚಿ. ಗಾಳಿಯಲ್ಲಿ ಹಾರಿಸುವುದಕ್ಕೆ ಸ್ವಲ್ಪ ದಪ್ಪಗೆ ಒಂದು ಬೇರೆ ಹುಯ್ದು ಮಗಳ ಕೈಗೆ ಪ್ಯಾನ್ ಕೊಡಿ. ಫ್ರಿಜ್ ಮೇಲ್ಗಡೆ ಒಂದು ಹಳೇ ಪೇಪರ್ ಹಾಸಿಟ್ಟಿರಿ.